ಕುರುಡನಿಗ್ಯಾಕ ಸ್ಕ್ರೀನು

ನಾನು ಹುಟ್ಟುಕುರುಡ. ಮಾನ್ವಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಊರು ದೇವದುರ್ಗ. ಅಲ್ಲಿ ನನ್ನ ಅಕ್ಕ ಇದ್ದಾಳೆ, ಅಂಗನವಾಡಿಯಲ್ಲಿ ಕೆಲಸ. ಅಪ್ಪ ಅವ್ವ ವರ್ಷದ ಅರ್ಧ ದುಡಿಯಲಿಕ್ಕೆ ಊರು ಬಿಟ್ಟು ಹೋಗುತ್ತಿದ್ದರು. ಹಾಗಾಗಿ ನನ್ನನ್ನು ಬೆಳೆಸಿದವಳು, ಬೈದವಳು, ಓದಿಸಿದವಳು ಎಲ್ಲ ಅವಳೇ. ಡಿಗ್ರಿ ಪುಸ್ತಕಗಳನ್ನು ಬ್ರೈಲ್‌ನಲ್ಲಿ ಯಾರೂ ಅಚ್ಚು ಹಾಕಿಸಿರಲಿಲ್ಲ. ಅಕ್ಕ ಅಡುಗೆ ಮಾಡುತ್ತಲೇ ಗಟ್ಟಿಯಾಗಿ ಓದುತ್ತಿದ್ದಳು, ನಾನು ಕೇಳಿ ನೆನಪಿಟ್ಟುಕೊಳ್ಳುತ್ತಿದ್ದೆ. ಸುಮ್ಮನೆ ಓದುವ ಜಾಯಮಾನ ಅವಳದಲ್ಲ. "ಈ ಸುಲ್ತಾನನೂ ಸತ್ತ. ಇವನ ಮಗ ಇವನಕಿಂತ ಲುಚ್ಚಾ. ಮುಂದ ಕೇಳು," ಎಂದು ತನ್ನದೂ ಸೇರಿಸಿಯೇ ಓದುತ್ತಿದ್ದಳು. ಪರೀಕ್ಷೆಯಲ್ಲಿ ಅವಳ ಮಾತು ಯಾವುದು, ಪುಸ್ತಕದ್ದು ಯಾವುದು ಎಂದು ಬೇರ್ಪಡಿಸಿ ಹೇಳಿ ಬರೆಸುವಷ್ಟರಲ್ಲಿ ನನಗೆ ಸಾಕಾಗುತ್ತಿತ್ತು.

ನೌಕರಿ ಸಿಕ್ಕ ಮೇಲೆ ನಾನು ನನ್ನ ದುಡ್ಡಿನಲ್ಲಿ ಕೊಂಡ ಮೊದಲ ದೊಡ್ಡ ವಸ್ತು ಲ್ಯಾಪ್‌ಟಾಪ್. ರಾಯಚೂರಿನ ಅಂಗಡಿಯಲ್ಲಿ ಡಬ್ಬಿ ಒಡೆದಾಗ ಬಂದ ಹೊಸ ಪ್ಲಾಸ್ಟಿಕ್ಕಿನ ವಾಸನೆ ನನಗೆ ಇನ್ನೂ ನೆನಪಿದೆ. ಅದರಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಹಾಕಿಸಿದೆ. ನಾನು ಒತ್ತಿದ ಅಕ್ಷರವನ್ನು, ತೆರೆದ ಕಡತವನ್ನು, ಬಂದ ಸಂದೇಶವನ್ನು ಅದು ಹೆಂಗಸಿನ ದನಿಯಲ್ಲಿ ಹೇಳುತ್ತದೆ. ಮೊದಲ ಸಲ ಅದು ಕನ್ನಡದಲ್ಲಿ ಪಾಠ ಓದಿದಾಗ ಅಕ್ಕ ಪಕ್ಕದಲ್ಲೇ ಕುಂತಿದ್ದಳು.

"ನನಕಿಂತ ಚೊಲೋ ಓದ್ತಾಳೇನಲೇ ಇಕಿ?"

"ತಪ್ಪು ಓದ್ತಾಳ. ಆದ್ರ ಬೈಯಂಗಿಲ್ಲ," ಎಂದೆ.

ಅವಳು ನಗಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ಬೇಕಿದ್ದಕ್ಕಿಂತ ಹೆಚ್ಚು ಸದ್ದು ಮಾಡುತ್ತ ತೊಳೆದಳು.

ಲ್ಯಾಪ್‌ಟಾಪ್ ಬಂದದ್ದರಿಂದ ಶಾಲೆಯಲ್ಲಿ ನನಗೊಂದು ಸ್ಥಾನ ಬಂತು. ಅಲ್ಲಿಯವರೆಗೆ ನನ್ನ ಪ್ರಶ್ನೆಪತ್ರಿಕೆಯನ್ನು ಗಣಿತದ ಮಾಸ್ತರರು ಟೈಪು ಮಾಡಿ ಕೊಡುತ್ತಿದ್ದರು. ಕೊಡುವಾಗಲೆಲ್ಲ ಸ್ಟಾಫ್ ರೂಮಿಗೆ ಕೇಳುವಂತೆ, "ಇವತ್ತಿನ ಪುಣ್ಯಾದ ಕೆಲಸ ಮುಗೀತ್ರಿ ಸರ್," ಎನ್ನುತ್ತಿದ್ದರು. ಈಗ ಅವರ ಪುಣ್ಯ ನನಗೆ ಬೇಕಿರಲಿಲ್ಲ. ನಾನೇ ಟೈಪು ಮಾಡಿ, ನಾನೇ ಕೇಳಿ ತಿದ್ದಿ, ಪೆನ್‌ಡ್ರೈವಿನಲ್ಲಿ ಹಾಕಿ ಹೆಡ್‌ಮಾಸ್ತರರ ಕೈಗಿಡುತ್ತಿದ್ದೆ.

ಸ್ವಲ್ಪ ದಿನಕ್ಕೇ ಅದರ ಮಾತು ನಿಂತಿತು. ಒಂದು ಬೆಳಿಗ್ಗೆ ಶಬ್ದವೊಂದನ್ನು ಅರ್ಧ ಹೇಳಿ, ಕರಕರ ಎಂದು ಗಂಟಲು ಕೆರೆದುಕೊಂಡು ಸುಮ್ಮನಾಯಿತು. ಕಣ್ಣಿದ್ದವರಿಗೆ ಸ್ಪೀಕರ್ ಹೋದರೆ ಹಾಡು ಕೇಳಿಸುವುದಿಲ್ಲ, ಅಷ್ಟೇ. ನನ್ನ ತೊಡೆಯ ಮೇಲೆ ಉಳಿದದ್ದು ಬಿಸಿಯಾದ ಒಂದು ತಗಡು.

ವಾರಂಟಿ ಇತ್ತು. ಕಂಪನಿಯ ನಂಬರಿಗೆ ಫೋನು ಮಾಡಿದೆ. ಸಂಗೀತ ಕೇಳಿಸಿ ಕೇಳಿಸಿ ಕಡೆಗೊಬ್ಬ ಹುಡುಗಿ ಬಂದಳು. ಮಾತು ನುಣುಪಾಗಿತ್ತು.

"ಸರ್, ಚಾರ್ಜರ್ ಪಿನ್ ಪಕ್ಕದಲ್ಲಿ ಒಂದು ಸಣ್ಣ ಲೈಟ್ ಇದೆ ಅಲ್ವಾ, ಅದು ಯಾವ ಬಣ್ಣದಲ್ಲಿದೆ ಹೇಳ್ತೀರಾ?"

"ನನಗ ಕಣ್ಣು ಕಾಣಂಗಿಲ್ಲರೀ. ನಾನು ಕುರುಡ ಅದೀನಿ."

"ಅರ್ಥ ಆಯ್ತು ಸರ್. ಬಿಳಿ ಬಣ್ಣನಾ, ಕಿತ್ತಳೆ ಬಣ್ಣನಾ ಸರ್?"

ಅವಳ ಮುಂದೆ ಬರೆದಿಟ್ಟ ಪ್ರಶ್ನೆಗಳಿದ್ದವು. ಒಂದಕ್ಕೆ ಉತ್ತರ ಸಿಗದೆ ಇನ್ನೊಂದಕ್ಕೆ ಹೋಗುವ ಹಾಗಿರಲಿಲ್ಲ ಎಂದು ಕಾಣುತ್ತದೆ. ಬಿಳಿ ಎಂದು ಸುಳ್ಳು ಹೇಳಿದೆ. ಆಮೇಲೆ ಅವಳು, ತೊಂದರೆ ಏನಿದೆ ಎಂದು ಕಾಣುವ ಹಾಗೆ ವಿಡಿಯೋ ಮಾಡಿ ಕಳಿಸಬೇಕು ಎಂದಳು. ಕಳಿಸದಿದ್ದರೆ ದೂರು ತಾನಾಗಿಯೇ ಮುಚ್ಚಿಹೋಗುತ್ತದಂತೆ. ಮುಚ್ಚಿಯೂ ಹೋಯಿತು. ನಾನು ಅಕ್ಕನಿಗೆ ಫೋನು ಮಾಡಿದೆ.

"ಬೈಯದಾಕಿ ಬಾಯಿ ಬಿದ್ದೋತೇನು?" ಎಂದಳು ಅಕ್ಕ. ಮರುದಿನ ದೇವದುರ್ಗದಿಂದ ಅವಳು, ಮಾನ್ವಿಯಿಂದ ನಾನು, ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂಡಿದೆವು.

ಸರ್ವಿಸ್ ಸೆಂಟರ್ ಇದ್ದದ್ದು ಸ್ಟೇಷನ್ ಕಡೆಯ ಒಂದು ಕಟ್ಟಡದ ಮೇಲಂತಸ್ತಿನಲ್ಲಿ. ಕೆಳಗೆ ಮಿರ್ಚಿ ಕರಿಯುವ ಅಂಗಡಿ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಎರಡೂ ಮೊಣಕೈ ಗೋಡೆಗೆ ತಾಗುತ್ತಿದ್ದವು. ಮೇಲೆ ಎ.ಸಿ.ಯ ತಣ್ಣನೆ ಗಾಳಿ, ಕೌಂಟರಿನಲ್ಲಿ ಒಬ್ಬ ಹೆಂಗಸು. ಅವಳು ನನ್ನನ್ನು ಬಿಟ್ಟು ಅಕ್ಕನನ್ನು ಕೇಳಿದಳು:

"ಇವರಿಗೇನಾಗ್ಯದ?"

"ಇವನಿಗೇನೂ ಆಗಿಲ್ಲ. ಲ್ಯಾಪ್‌ಟಾಪಿಗೆ ಆಗ್ಯದ. ಅವನ್ನೇ ಕೇಳ್ರಿ, ಬಾಯಿ ಅದ ಅವಗ."

ಹೆಂಗಸು ಕೇಳಲಿಲ್ಲ. ಕೀಲಿಗಳನ್ನು ಟಪಟಪ ಬಡಿದಳು, "ಬಿಟ್ಟು ಹೋಗ್ರಿ, ಫೋನ್ ಬರ್ತದ," ಎಂದಳು. ಆಗಲೇ ಒಳಗಿನಿಂದ ಒಬ್ಬ ಬಂದು ನನ್ನ ಮೊಣಕೈ ಮುಟ್ಟಿದ.

"ಅಣ್ಣಾ, ಬರ್ರಿ, ಇಲ್ಲಿ ಕುಂದರ್ರಿ. ಬಿಸಿಲಾಗ ಬಂದೀರಿ. ನೀರು ಕುಡೀತೀರೇನು?"

ರಿಪೇರಿ ಮಾಡುವವನು. ಕವಿತಾಳದವನಂತೆ, ಹೋದ ವರ್ಷ ಮದುವೆಯಾಗಿದ್ದನಂತೆ. ಕುರುಡರನ್ನು ಎಲ್ಲರೂ ರಟ್ಟೆ ಹಿಡಿದು ಗಾಡಿ ತಳ್ಳಿದಂತೆ ತಳ್ಳುತ್ತಾರೆ. ಇವನು ಹಾಗೆ ಮಾಡಲಿಲ್ಲ. ತನ್ನ ಮೊಣಕೈಯನ್ನು ನನ್ನ ಕೈಗೆ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆದ. ಇದನ್ನು ಯಾರೋ ಕಲಿಸಿರಬೇಕು, ಇಲ್ಲವೇ ಅವನಿಗೆ ತಾನಾಗಿ ತಿಳಿದಿರಬೇಕು. ನನ್ನ ಮುಂದೆಯೇ ಲ್ಯಾಪ್‌ಟಾಪ್ ಬಿಚ್ಚಿದ. ಬಿಚ್ಚುತ್ತ ಬಿಚ್ಚುತ್ತ ಯಾವುದು ಏನು ಎಂದು ನನ್ನ ಬೆರಳಿಗೆ ಮುಟ್ಟಿಸಿ ಹೇಳಿದ. ಇದು ಫ್ಯಾನು, ಇದು ಬ್ಯಾಟರಿ, ಇದು ನಿಮ್ಮ ಸ್ಪೀಕರು. ಅದರ ಒಳಗನ್ನು ನಾನು ಮುಟ್ಟಿದ್ದು ಆ ಒಂದೇ ಸಲ.

ವಾರ ಕಳೆದ ಮೇಲೆ ಅದು ಮತ್ತೆ ಮಾತಾಡಿತು. ಮಳೆಗಾಲ ಶುರುವಾಗುವಷ್ಟರಲ್ಲಿ ಕೀಲಿಮಣೆ ಕೆಟ್ಟಿತು. ಒಂದು ಸಾಲಿನ ಅಕ್ಷರಗಳು ಸತ್ತುಹೋದವು. ಒತ್ತಿದರೆ ಲ್ಯಾಪ್‌ಟಾಪಿನ ಹೆಂಗಸು ಏನನ್ನೂ ಹೇಳುತ್ತಿರಲಿಲ್ಲ. ಮತ್ತೆ ಅಕ್ಕ, ಮತ್ತೆ ಬಸ್ಸು, ಮತ್ತೆ ಮಿರ್ಚಿಯ ವಾಸನೆ.

ಈ ಸಲ ಕೌಂಟರಿನ ಹೆಂಗಸು ಲ್ಯಾಪ್‌ಟಾಪ್ ತೆರೆದವಳೇ, "ಏನಿದು?" ಎಂದಳು. ಬೇಗ ಗುರುತು ಸಿಗಲಿ ಎಂದು ಕೆಲವು ಕೀಲಿಗಳ ಮೇಲೆ ನಾನು ಅಕ್ಕನ ಹಣೆಬೊಟ್ಟು ಅಂಟಿಸಿದ್ದೆ. ಅಂಗಡಿಯಲ್ಲಿ ಚೀಟಿಗೆ ಅಂಟಿಸಿ ಮಾರುತ್ತಾರಲ್ಲ, ಅಂಥವು. ಬೆರಳಿಗೆ ಚೆನ್ನಾಗಿ ಹತ್ತುತ್ತವೆ.

"ಲ್ಯಾಪ್‌ಟಾಪಿಗೆ ಪೂಜಿ ಮಾಡೀರೇನು? ಬೊಟ್ಟಿನ ಗೋಂದು ಕೀಬೋರ್ಡಿನ ಒಳಗ ಇಳದದ. ಇದು ನೀವೇ ಮಾಡ್ಕೊಂಡಿದ್ದು. ವಾರಂಟಿ ಬರಂಗಿಲ್ಲ."

"ಬೊಟ್ಟು ಅಂಟಿಸಿದ್ದು ಮ್ಯಾಲಿನ ಸಾಲಿಗೆ ರೀ," ಎಂದೆ. "ಕೆಟ್ಟಿದ್ದು ಕೆಳಗಿನ ಸಾಲು."

"ಗೋಂದಿಗೇನು ಸಾಲು ಗೊತ್ತಾಗ್ತದೇನು? ಹರೀತದ."

ಅಕ್ಕ ಏನು ಮಾಡಿದಳೆಂದು ನನಗೆ ಆಮೇಲೆ ಗೊತ್ತಾಯಿತು. ತನ್ನ ಹಣೆಯ ಬೊಟ್ಟನ್ನು ಕಿತ್ತು ಆ ಹೆಂಗಸಿನ ಮುಂದಿದ್ದ ಮೇಜಿನ ಗಾಜಿಗೆ ಅಂಟಿಸಿದ್ದಳು. "ನೋಡ್ತಾ ಕುಂದ್ರು. ಎಷ್ಟು ಗೋಂದು ಹರೀತದ, ಎಷ್ಟು ದೂರ ಹರೀತದ. ಹರದು ನಿನ್ನ ಕಂಪ್ಯೂಟರ್ ಮುಟ್ಟೋತನಕ ನಾ ಇಲ್ಲೇ ಇರ್ತೀನಿ," ಎಂದು ಕುರ್ಚಿ ಎಳೆದುಕೊಂಡು ಕುಂತಳು. ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ನನಗೆ ಅಕ್ಕನ ಮೇಲೆ ಹೆಮ್ಮೆಗಿಂತ ನಾಚಿಕೆಯೇ ಹೆಚ್ಚಾಯಿತು. ಹೋದ ಹೋದಲ್ಲಿ ನನಗಾಗಿ ಜಗಳ ಬೀಳುವುದೇ ಇವಳ ಕೆಲಸವಾಗಿತ್ತು.

ಬಿಡಿಸಿದವನು ಕವಿತಾಳದವನೇ. "ಮೇಡಂ, ಬಿಡ್ರಿ. ಗೋಂದು ಗೀಂದು ಏನೂ ಇಲ್ಲ, ನಾ ನೋಡೀನಿ. ಕೀಬೋರ್ಡ್ ಬದಲಿ ಮಾಡ್ತೀನಿ," ಎಂದ. ಮಾಡಿಯೂ ಕೊಟ್ಟ. ಕೆಟ್ಟ ಕೀಲಿಮಣೆಯಿಂದ ಬೊಟ್ಟುಗಳನ್ನು ಉಗುರಿನಲ್ಲಿ ಎಬ್ಬಿಸಿ ಹೊಸದಕ್ಕೆ ಅವೇ ಜಾಗದಲ್ಲಿ ಅಂಟಿಸಿದ್ದ. ಇಷ್ಟು ಯಾರು ಮಾಡುತ್ತಾರೆ? ಬಸ್‌ಸ್ಟ್ಯಾಂಡಿನ ತನಕ ನಮ್ಮ ಜೊತೆ ಬಂದು, ಅಕ್ಕ ಶೌಚಾಲಯಕ್ಕೆ ಹೋದಾಗ ನನ್ನ ಕಿವಿಯ ಹತ್ತಿರ ಹೇಳಿದ:

"ಅಣ್ಣಾ, ಮುಂದಿನ ಸಲ ಅಕ್ಕಾರನ್ನ ಕರಕೊಂಡು ಬರಬ್ಯಾಡ್ರಿ. ನನಗೊಂದು ಫೋನ್ ಮಾಡ್ರಿ ಸಾಕು. ಕೆಳಗ ಬಂದು ನಾನೇ ಕೈ ಹಿಡಕೊಂಡು ಹೋಗ್ತೀನಿ. ನೀವು ಸಣ್ಣವರೇನು?"

ಆ ಕಡೆಯ ಮಾತು ನನಗೆ ಬಹಳ ಹಿಡಿಸಿತು. ಅವನ ನಂಬರನ್ನು ಮೊಬೈಲಿನಲ್ಲಿ 'ತಮ್ಮ ರಾಯಚೂರು' ಎಂದು ಇಟ್ಟುಕೊಂಡೆ.

ದಸರಾ ಮುಗಿದು ಶಾಲೆ ಶುರುವಾದ ಹೊತ್ತಿಗೆ ಲ್ಯಾಪ್‌ಟಾಪ್ ಪೂರ್ತಿ ಸತ್ತಿತು. ಗುಂಡಿ ಒತ್ತಿದರೆ ಫ್ಯಾನೂ ಇಲ್ಲ, ಬಿಸಿಯೂ ಇಲ್ಲ. ಅಕ್ಕನಿಗೆ ಹೇಳಲಿಲ್ಲ. ಅವನಿಗೆ ಫೋನು ಮಾಡಿ ಒಬ್ಬನೇ ಬಸ್ಸು ಹತ್ತಿದೆ. ಕಲ್ಮಲದ ಕ್ರಾಸಿನಲ್ಲಿ ಬಸ್ಸು ನಿಂತು ಜನ ಹತ್ತಿದಾಗ, ಇನ್ನು ರಾಯಚೂರು ದೂರವಿಲ್ಲ ಎಂದು ಮಡಚಿಟ್ಟ ಕೋಲು ಬಿಚ್ಚಿಟ್ಟುಕೊಂಡೆ. ಹೇಳಿದಂತೆ ಅವನು ಕೆಳಗೆ ಬಂದ. ಮದರ್‌ಬೋರ್ಡು ಹೋಗಿದೆ, ಬೇರೆ ತರಿಸಬೇಕು, ತಡವಾಗುತ್ತದೆ ಎಂದ. ಹೋಗಲಿ ಬಿಡು ಎಂದೆ. ಅವನು ಚಹಾ ಕುಡಿಸಿದ. ಹೆಂಡತಿ ಈಗ ಬಸುರಿ ಎಂದು ಹೇಳಿಕೊಂಡ. ಗಂಡಾದರೆ ಏನು ಹೆಸರಿಡಬೇಕು, ಹೆಣ್ಣಾದರೆ ಏನು ಎಂದು ನಾವಿಬ್ಬರೂ ಮಾತಾಡಿದೆವು.

ತಡವೆಂದರೆ ತಡವೇ ಆಯಿತು. ಆ ದಿನಗಳಲ್ಲಿ ಗಣಿತದ ಮಾಸ್ತರರ ಪುಣ್ಯದ ಕೆಲಸ ಮತ್ತೆ ಶುರುವಾಯಿತು. ಹೆಡ್‌ಮಾಸ್ತರರು ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು, "ಏನ್ರಿ, ನಿಮ್ಮ ಮಷೀನಿಗೂ ನಿಮ್ಮ ರೋಗನ ಬಡೀತೇನು?" ಎಂದರು. ಮಕ್ಕಳು ನಕ್ಕರು. ನಗಲಿಕ್ಕೆ ಒಪ್ಪಿಗೆ ಸಿಕ್ಕಿತ್ತಲ್ಲ.

ಕಡೆಗೊಂದು ದಿನ ಫೋನು ಬಂತು. ಮತ್ತೆ ಒಬ್ಬನೇ ಹೋದೆ. ಅವನು ನನ್ನ ಮುಂದೆ ಲ್ಯಾಪ್‌ಟಾಪ್ ಇಟ್ಟು ಗುಂಡಿ ಒತ್ತಿಸಿದ. ಒಳಗಿನ ಹೆಂಗಸಿನ ದನಿ ಮಾತಾಡಿತು. ಎಲ್ಲ ಕೀಲಿ ಒತ್ತಿ ನೋಡಿದೆ, ಎಲ್ಲವನ್ನೂ ಹೇಳಿತು. "ಪೂರಾ ಹೊಸಾದು ಆದಂಗ ಆತು ನೋಡ್ರಿ ಅಣ್ಣಾ," ಎಂದ. ಎಲ್ಲ ಸರಿಯಾಗಿದೆ ಎಂದು ಸಹಿ ಮಾಡಬೇಕಿದ್ದ ಜಾಗಕ್ಕೆ ನನ್ನ ಬೆರಳನ್ನು ಅವನೇ ಒಯ್ದು ಇಟ್ಟ. ಸಹಿ ಮಾಡಿದೆ. ಬರುವಾಗ ಅವನ ಭುಜ ತಟ್ಟಿ, ಮಗು ಹುಟ್ಟಿದರೆ ಫೋನು ಮಾಡು ಎಂದೆ.

ಒಂದು ತಿಂಗಳಷ್ಟು ಕಾಲ ನಾನು ಸುಖವಾಗಿದ್ದೆ. ಸ್ಟಾಫ್ ರೂಮಿನಲ್ಲಿ ಬಿಡುವಾದಾಗಲೆಲ್ಲ ಲ್ಯಾಪ್‌ಟಾಪ್ ತೆರೆದು ಕುಂದ್ರುತ್ತಿದ್ದೆ. ತೆರೆದ ಕೂಡಲೇ ಯಾರಾದರೂ ಕೆಮ್ಮುತ್ತಿದ್ದರು, ಮೂಗಿನಲ್ಲಿ ನಗು ಹೊರಡುತ್ತಿತ್ತು. ನನ್ನ ಬಗ್ಗೆ ಇರಲಿಕ್ಕಿಲ್ಲ ಎಂದುಕೊಂಡೆ. ಜನ ತಮ್ಮ ತಮ್ಮೊಳಗೆ ಏನಾದರೂ ಒಂದಕ್ಕೆ ನಗುತ್ತಲೇ ಇರುತ್ತಾರೆ, ಕುರುಡನಾದವನು ಎಲ್ಲ ನಗುವನ್ನೂ ತನ್ನ ಮೈಮೇಲೆ ಎಳೆದುಕೊಂಡರೆ ಬದುಕುವುದಾಗುವುದಿಲ್ಲ.

ರಜೆಗೆ ದೇವದುರ್ಗಕ್ಕೆ ಹೋಗಿದ್ದೆ. ನಮ್ಮ ಅವ್ವ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವಳದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಸಂಬಂಧಿಕರೊಬ್ಬರು ಹಳೆಯ ಮದುವೆಯೊಂದರ ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿ ಅಕ್ಕನಿಗೆ ಕೊಟ್ಟಿದ್ದರು. ಅದರಲ್ಲಿ ಅವ್ವ ಇದ್ದಾಳಂತೆ. ಅಕ್ಕ ನನ್ನ ದಾರಿ ಕಾಯುತ್ತಿದ್ದಳು. ಕೈಕಾಲು ತೊಳೆಯಲಿಕ್ಕೂ ಬಿಡಲಿಲ್ಲ.

ಪೆನ್‌ಡ್ರೈವ್ ಚುಚ್ಚಿದೆ. ಹೆಂಗಸು ಫೋಟೋಗಳ ನಂಬರುಗಳನ್ನು ಒಂದೊಂದೇ ಹೇಳಿದಳು. ಮೊದಲನೆಯದನ್ನು ತೆರೆದೆ.

"ತೆರಿಯಲೇ," ಎಂದಳು ಅಕ್ಕ.

"ತೆರದೀನಿ."

"ಎಲ್ಲಿ? ಕರ್ರಗದ."

"ಎರಡನೇದು ನೋಡು."

"ಇದೂ ಕರ್ರಗದ. ಸ್ಕ್ರೀನೇ ಹತ್ತಿಲ್ಲಲೇ ಇದು." ಅವಳು ಲ್ಯಾಪ್‌ಟಾಪನ್ನು ನನ್ನ ತೊಡೆಯಿಂದ ಎತ್ತಿಕೊಂಡಳು. ಬಾಗಿಲಿಗೆ ಒಯ್ದಳು, ಒಳಗೆ ತಂದಳು. "ನನ್ನ ಮಾರಿ ಕಾಣಾಕತ್ತದ ಇದರಾಗ, ಕನ್ನಡಿ ಹಂಗ. ಮತ್ತೇನಿಲ್ಲ. ಯಾವಾಗಿಂದ ಹಿಂಗದ?"

ನನಗೆ ಹೇಗೆ ಗೊತ್ತಾಗಬೇಕು? ಅದು ಮಾತಾಡುತ್ತಿತ್ತು, ನಾನು ಬರೆಯುತ್ತಿದ್ದೆ. ಬೆಳಕಿದೆಯೋ ಇಲ್ಲವೋ ಎಂದು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಆಗ ಸ್ಟಾಫ್ ರೂಮಿನ ಕೆಮ್ಮು ನೆನಪಾಯಿತು. ನನ್ನ ಜೊತೆ ದಿನಾ ಊಟಕ್ಕೆ ಕುಂದ್ರುವ ಹಿಂದಿ ಮಾಸ್ತರರಿಗೆ ಅಲ್ಲೇ ಫೋನು ಹಚ್ಚಿದೆ.

"ನನ್ನ ಲ್ಯಾಪ್‌ಟಾಪಿನ ಸ್ಕ್ರೀನ್ ಹತ್ತತಿದ್ದಿಲ್ಲೇನ್ರಿ ಸರ್?"

"ಇಲ್ರಿ. ನೀವೇ ಆಫ್ ಮಾಡಿಟ್ಟೀರಿ ಅಂತ ತಿಳ್ಕೊಂಡಿದ್ವಿ. ನಿಮಗ್ಯಾಕ ಬೇಕು ಅಂತ… ಅಂದ್ರ, ಬ್ಯಾಟರಿ ಉಳೀಲಿ ಅಂತ."

"ಎಲ್ಲಾರಿಗೂ ಗೊತ್ತಿತ್ತೇನ್ರಿ?"

"ಏ, ಅದೇನು ದೊಡ್ಡ ಮಾತು ಬಿಡ್ರಿ ಸರ್. ಗಣಿತದವರು ಒಂದೆರಡು ಸಲ ಚಾಷ್ಟಿ ಮಾಡಿದ್ರು ಅಷ್ಟ. ಕುರುಡ ಲ್ಯಾಪ್‌ಟಾಪ್ ಅಂತ." ಹೇಳಿ ತಾವೇ ಸಣ್ಣಗೆ ನಕ್ಕರು.

ಫೋನು ಇಟ್ಟೆ. ಅಕ್ಕ ನನ್ನ ಮುಂದೆ ರೊಟ್ಟಿ ತಂದಿಟ್ಟು ಒಂದೇ ಪ್ರಶ್ನೆ ಕೇಳಿದಳು: "ಕಡೀ ಸಲ ಯಾರ ಜೋಡಿ ಹೋಗಿದ್ದಿ?" ಒಬ್ಬನೇ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಊಟ ಸೇರುತ್ತಿತ್ತು.

ಮರುದಿನ ಇಬ್ಬರೂ ರಾಯಚೂರಿಗೆ ಹೋದೆವು. ನಾನು ಅವನಿಗೆ ಫೋನು ಮಾಡಿರಲಿಲ್ಲ. ಕೌಂಟರಿನ ಹೆಂಗಸು ಅದೇ ಒಣ ದನಿಯಲ್ಲಿ, "ಸ್ಕ್ರೀನ್ ಸರಿ ಅದ ಅಂತ ಸಹಿ ಮಾಡೀರಿ. ಒಯ್ದ ಮ್ಯಾಲೆ ಏನಾತೋ ನಮಗೇನು ಗೊತ್ತು?" ಎಂದಳು. ಅಕ್ಕ ಬಾಯಿ ತೆರೆಯುವ ಮೊದಲು ನಾನು ಹೇಳಿದೆ, "ನೀವೇ ಬಿಚ್ಚಿ ನೋಡ್ರಿ. ಬಿದ್ದಿದ್ರ ಗುರುತು ಇರ್ತದ. ಇದ್ರ ಸುಮ್ನ ಹೋಗ್ತೀನಿ."

ಅವಳು ಬೇರೆ ಕೆಲಸಗಾರನಿಂದ ಬಿಚ್ಚಿಸಿದಳು. ತಿರುಪು ಮೇಜಿನ ಮೇಲೆ ಬೀಳುವ ಟಿಣ್ ಟಿಣ್ ಸದ್ದು ಕೇಳುತ್ತಿತ್ತು. ಆಮೇಲೆ ಅವಳು ಕಂಪ್ಯೂಟರಿನ ಕೀಲಿ ಬಡಿದು ಏನೋ ತಾಳೆ ನೋಡುವ ಸದ್ದು ಬಂತು. ನನ್ನ ಮೇಲೆ ಅವಳಿಗೆ ಎಳ್ಳಷ್ಟೂ ಕನಿಕರವಿರಲಿಲ್ಲ, ಆವತ್ತೂ ಹುಟ್ಟಲಿಲ್ಲ. ಆದರೆ ತಾನು ಕಂಡದ್ದನ್ನು ಅವಳು ಮುಚ್ಚಿಡಲೂ ಇಲ್ಲ. ಎದ್ದು ಹೋಗಿ ಮ್ಯಾನೇಜರನನ್ನು ಕರೆತಂದಳು.

"ಸರ್, ಇದು ಈ ಮಷೀನಿನ ಸ್ಕ್ರೀನ್ ಅಲ್ಲ. ನಂಬರ್ ಬ್ಯಾರೆ ಅದ. ಸುಟ್ಟಿದ್ದು ತಂದು ಹಾಕ್ಯಾರ. ಇವರ ಸ್ಕ್ರೀನ್ ತಗದು ಬ್ಯಾರೆಯವರಿಗೆ ಹಾಕಿರಬೇಕು."

ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಮ್ಯಾನೇಜರ್ ಅವನನ್ನು ಹೊರಗೆ ಕರೆಸಿದ. ಅವನು ಬಂದದ್ದು ನನಗೆ ಹೆಜ್ಜೆಯಿಂದಲೇ ಗೊತ್ತಾಯಿತು. ಮೊದಲು ಇಲ್ಲ ಎಂದ, ಆಮೇಲೆ ಗೊತ್ತಿಲ್ಲ ಎಂದ, ಆಮೇಲೆ ಒಪ್ಪಿಕೊಂಡ. ಒಬ್ಬ ಕಾಲೇಜು ಹುಡುಗಿಯ ಲ್ಯಾಪ್‌ಟಾಪ್ ಬಿದ್ದು ಸ್ಕ್ರೀನ್ ಒಡೆದಿತ್ತಂತೆ. ಬಿದ್ದು ಒಡೆದರೆ ವಾರಂಟಿ ಬರುವುದಿಲ್ಲ. ಹೊರಗಿಂದ ಹೊರಗೇ ಮಾಡಿಕೊಡುತ್ತೇನೆಂದು ಅವಳ ಕೈಯಿಂದ ದುಡ್ಡು ತೆಗೆದುಕೊಂಡಿದ್ದ. ಅದೇ ಹೊತ್ತಿಗೆ ನನ್ನದು ಅವನ ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು. ನನ್ನ ಸ್ಕ್ರೀನನ್ನು ಅವಳದಕ್ಕೆ ಹಾಕಿ, ಮೂಲೆಯಲ್ಲಿ ಬಿದ್ದಿದ್ದ ಯಾವುದೋ ಸುಟ್ಟ ಸ್ಕ್ರೀನನ್ನು ನನ್ನದಕ್ಕೆ ಸಿಕ್ಕಿಸಿದ್ದ.

ಅವನು ನನ್ನ ಕೈ ಹಿಡಿದ. ಬೆವರಿತ್ತು.

"ಅಣ್ಣಾ, ನಿಮಗ ಏನೂ ತೊಂದ್ರಿ ಆಗಬಾರದು ಅಂತನ ನಿಮ್ಮದು ತಗದೆ. ಬ್ಯಾರೆಯವರದು ತಗದಿದ್ರ ಅವರ ಕೆಲಸ ನಿಲ್ತಿತ್ತು. ನಿಮ್ಮದು ನಿಲ್ಲಂಗಿಲ್ಲಲ್ಲ. ಮಾತಾಡೋದು ಎಲ್ಲಾ ಚೆಕ್ ಮಾಡೇ ಕೊಟ್ಟೀನಿ. ಆ ಹುಡುಗಿಗೆ ಕಣ್ಣದಾವ, ಅಕಿಗೆ ಸ್ಕ್ರೀನ್ ಬೇಕು. ನಿಮಗ್ಯಾಕ ಅಣ್ಣಾ, ಸ್ಕ್ರೀನು?"

ಅವನು ಇದನ್ನು ಚುಚ್ಚಲಿಕ್ಕೆ ಹೇಳಲಿಲ್ಲ. ನಿಜವಾಗಿ ಹಾಗೆಯೇ ನಂಬಿದ್ದ. ಯಾರಿಗೂ ನಷ್ಟವಾಗದ ಹಾಗೆ ಕದಿಯಲಿಕ್ಕೆ ಒಂದು ಜಾಗ ಹುಡುಕಿದ್ದ, ಆ ಜಾಗ ನಾನಾಗಿದ್ದೆ. ನನ್ನ ಬೆರಳಿಗೆ ಫ್ಯಾನು, ಬ್ಯಾಟರಿ ಮುಟ್ಟಿಸಿದ್ದೂ, ಬೊಟ್ಟು ಎಬ್ಬಿಸಿ ಅಂಟಿಸಿದ್ದೂ ಸುಳ್ಳಾಗಿರಲಿಲ್ಲ. ಅದೂ ಅವನೇ, ಇದೂ ಅವನೇ. ಪೂರ್ತಿ ಕೆಟ್ಟವನಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮ್ಯಾನೇಜರನಿಗೆ ವಿಷಯ ಹೊರಗೆ ಹೋಗುವ ಹೆದರಿಕೆ. ದನಿ ಇಳಿಸಿ, "ಹೊಸಾ ಸ್ಕ್ರೀನ್ ಇವತ್ತೇ ಹಾಕಿ ಕೊಡ್ತೀವಿ ಸರ್. ಇವನ ವಿಷಯ ನೀವು ಹೇಳಿದಂಗ. ತಗೀಬೇಕಂದ್ರ ಈಗಿಂದೀಗ ತಗೀತೀನಿ. ಇರ್ಲಿ ಪಾಪ ಅಂದ್ರ ತಾಕೀತು ಮಾಡಿ ಇಟ್ಕೋತೀನಿ," ಎಂದ.

ಕೋಣೆಯಲ್ಲಿದ್ದವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಹಾಗೆ ನೋಡುವುದು ಮುಖದ ಮೇಲೆ ಬಿಸಿಯಾಗಿ ಗೊತ್ತಾಗುತ್ತದೆ. ದಾರಿಯುದ್ದಕ್ಕೂ ಅವನ ಹಲ್ಲು ಉದುರಿಸುತ್ತೇನೆಂದು ಹೇಳುತ್ತ ಬಂದಿದ್ದ ಅಕ್ಕ ನನ್ನ ಅಂಗಿ ಜಗ್ಗಿದಳು.

"ಬಿಡು ತಮ್ಮಾ. ಹೇಂತಿ ಬಸರಿ ಅದಾಳ ಅಂತ ನೀನ ಹೇಳಿದ್ದಿ. ಅಳಾಕತ್ಯಾನ ನೋಡು."

ನಾನು ಅವನ ಹಿಡಿತದಿಂದ ಕೈ ಬಿಡಿಸಿಕೊಂಡೆ. "ತಗೀರಿ," ಎಂದೆ.

ಮ್ಯಾನೇಜರ್ ಇನ್ನೊಮ್ಮೆ ಕೇಳಿದ. ನಾನು ಇನ್ನೊಮ್ಮೆ ಹೇಳಿದೆ. ಅಲ್ಲಿಯೇ, ಗಿರಾಕಿಗಳ ಮುಂದೆಯೇ, ಅವನ ಕೊರಳಿನ ಗುರುತು ಚೀಟಿಯ ಪಟ್ಟಿ ಬಿಚ್ಚಿಸಿಕೊಂಡು, ಚೀಲ ತಪಾಸು ಮಾಡಿ ಕೆಳಗೆ ಕಳಿಸಿದರು. ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲೆ ಇಡುವ ಸದ್ದು ನನಗೆ ಕೇಳಿತು. ಸ್ಟೀಲಿನ ಡಬ್ಬಿಯನ್ನೂ ತೆರೆಸಿದರು. ಕಾಯಿಪಲ್ಯದ ವಾಸನೆ ಬಂತು. ಇಕ್ಕಟ್ಟಿನ ಮೆಟ್ಟಿಲಲ್ಲಿ ಅವನ ಚಪ್ಪಲಿಯ ಸದ್ದು ಇಳಿದು ಇಳಿದು ಮಿರ್ಚಿ ಕರಿಯುವ ಸದ್ದಿನಲ್ಲಿ ಕೂಡಿಹೋಯಿತು.

ಸಂಜೆಯೊಳಗೆ ಹೊಸ ಸ್ಕ್ರೀನ್ ಬಂತು. ಕೌಂಟರಿನ ಹೆಂಗಸು, "ಈ ಸಲ ನಿಮ್ಮ ಅಕ್ಕಾರು ನೋಡ್ಲಿ, ಅವರ ಸಹಿನೂ ಬೇಕು," ಎಂದಳು. ಅಕ್ಕ ಅಲ್ಲಿಯೇ ಪೆನ್‌ಡ್ರೈವ್ ಹಾಕಿಸಿ ಫೋಟೋ ನೋಡಿದಳು. ಬಹಳ ಹೊತ್ತು ನೋಡಿದಳು. ಹೇಗಿದ್ದಾಳೆ ಎಂದು ಕೇಳಿದೆ.

"ಅರ್ಧಾ ಮಾರಿ ಬಂದದ. ಮದಿಮಗನ ಹಿಂದ ನಿಂತಾಳ," ಎಂದಳು. ಅಷ್ಟೇ.

ರಜೆ ಉಳಿದಿದ್ದರೂ ನಾನು ಅಲ್ಲಿಂದಲೇ ಮಾನ್ವಿಗೆ ಹೊರಟೆ; ಬಸ್‌ಸ್ಟ್ಯಾಂಡಿನಲ್ಲಿ ಅವಳು ದೇವದುರ್ಗದ ಬಸ್ಸಿಗೆ, ನಾನು ಮಾನ್ವಿಯ ಬಸ್ಸಿಗೆ ಕಾಯುತ್ತ ಕುಂತೆವು. ಅವಳು ಹೇಳಿದಳು, "ಅವನ ಮಾರಿ ನೋಡಿದ್ರ ನೀನೂ ಬಿಡ್ತಿದ್ದಿ."

"ಇರಬಹುದು. ನಾ ನೋಡಲಿಲ್ಲಲ್ಲ."

"ನಿನಗ ಇಷ್ಟು ಕಲ್ಲೆದಿ ಅದ ಅಂತ ನನಗ ಗೊತ್ತಿದ್ದಿಲ್ಲ."

ಅವಳ ಬಸ್ಸು ಮೊದಲು ಬಂತು. ಹತ್ತುವಾಗ ಎಂದಿನಂತೆ ನನ್ನ ತಲೆ ಮುಟ್ಟಲಿಲ್ಲ.

ರಜೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದೆ. ಯಾರೂ ಕೆಮ್ಮಲಿಲ್ಲ. ಬೆಳಕು ಹತ್ತಿದ್ದನ್ನು ಎಲ್ಲರೂ ಕಂಡಿರಬೇಕು. ದೊಡ್ಡ ಅಕ್ಷರದಲ್ಲಿ ಒಂದು ಸಾಲು ಟೈಪು ಮಾಡಿ, ಗಣಿತದ ಮಾಸ್ತರರ ಕಡೆ ತಿರುಗಿಸಿ ಇಟ್ಟೆ.

"ಸರ್, ಸ್ವಲ್ಪ ಓದಿ ಹೇಳ್ರಿ. ಅಕ್ಷರ ಸರಿಯಾಗಿ ಬಂದಾವೇನು ನೋಡ್ಬೇಕಿತ್ತು."

ಅವರು ಗಟ್ಟಿಯಾಗಿ ಓದತೊಡಗಿದರು, "ಒಂದು ತಿಂಗಳು ಈ ಪರದೆ ಸತ್ತಿದ್ದನ್ನು ನೋಡಿಯೂ…" ಅಲ್ಲಿಗೆ ನಿಲ್ಲಿಸಿದರು.

"ಮುಂದ ಓದ್ರಿ ಸರ್. ನಮ್ಮ ಅಕ್ಕ ಅರ್ಧಕ್ಕ ನಿಲ್ಲಿಸ್ತಿದ್ದಿಲ್ಲ."

ಓದಲಿಲ್ಲ. ಕುರ್ಚಿ ಸರಿಸಿ ಎದ್ದು ಹೋದರು. ಹಿಂದಿ ಮಾಸ್ತರರು ಆವತ್ತಿನಿಂದ ಊಟಕ್ಕೆ ಬೇರೆ ಮೇಜಿಗೆ ಹೋದರು. ನನ್ನ ಮೇಜು ನನಗೊಬ್ಬನಿಗೇ ಆಯಿತು, ಈಗಲೂ ಹಾಗೆಯೇ ಇದೆ. ಲ್ಯಾಪ್‌ಟಾಪ್ ಆಮೇಲೆ ಕೆಡಲಿಲ್ಲ. ಒಮ್ಮೊಮ್ಮೆ ಫ್ಯಾನು ಗರಗರ ಎನ್ನುತ್ತದೆ, ನಾನು ಕೇಳಿಸದವನಂತೆ ಕೆಲಸ ಮಾಡುತ್ತೇನೆ.

ಕವಿತಾಳದವನು ಫೋನು ಮಾಡಿದ್ದು ಚಳಿಗಾಲದ ಒಂದು ಮಧ್ಯಾಹ್ನ. ನನ್ನ ಮೊಬೈಲೂ ಮಾತಾಡುತ್ತದೆ, ಯಾರ ಕರೆ ಎಂದು ಹೆಸರು ಹೇಳುತ್ತದೆ. 'ತಮ್ಮ ರಾಯಚೂರು' ಎಂದಿತು. ಹೆಸರು ಅಳಿಸಲಿಕ್ಕೆ ಮರೆತಿದ್ದೆ. ಎತ್ತಿದೆ. ಹೆಣ್ಣು ಮಗು ಹುಟ್ಟಿದೆ ಎಂದ. ತೂಕ ಕಡಿಮೆ ಇದೆ, ದವಾಖಾನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದ. ಎಲ್ಲಿಯೂ ಕೆಲಸ ಸಿಕ್ಕಿಲ್ಲ, ಮ್ಯಾನೇಜರನಿಗೆ ನಾನು ಒಂದು ಮಾತು ಹೇಳಿದರೆ ಮತ್ತೆ ತೆಗೆದುಕೊಳ್ಳುತ್ತಾರೆ ಎಂದ.

"ಅಣ್ಣಾ, ಒಂದ ಮಾತು."

ಹಿಂದೆ ಆಸ್ಪತ್ರೆಯ ಗದ್ದಲ, ಯಾರದೋ ಮಗು ಅಳುವುದು ಕೇಳುತ್ತಿತ್ತು. ನೋಡೋಣ ಎಂದೆ. ಅದು ಇಲ್ಲ ಎಂಬುದಕ್ಕೆ ನಮ್ಮ ಕಡೆ ಹೇಳುವ ಮಾತು. ಅವನಿಗೂ ಗೊತ್ತಿತ್ತು. ಆದರೂ ಆಮೇಲೆ ಆಗಾಗ ಕರೆ ಮಾಡುತ್ತಿದ್ದ. ನಾನು ಪಾಠ ಮಾಡುವಾಗ, ಉಣ್ಣುವಾಗ, ಬಸ್ಸಿನಲ್ಲಿ ಕುಂತಾಗ ಮೊಬೈಲು ಆ ಹೆಸರು ಹೇಳುತ್ತಲೇ ಇರುತ್ತಿತ್ತು. ನಾನು ಎತ್ತಲಿಲ್ಲ. ಯುಗಾದಿಯ ಹೊತ್ತಿಗೆ ಕರೆ ಬರುವುದು ನಿಂತಿತು.